ಮೋಟು ಬೆರಳಿನ ನೂರು ರೂಪಾಯಿ

ಬಾಡಿಗೆ ಮನೆಯ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಮರದ ಅಗುಳಿ ನಮ್ಮನ್ನು ಕಾಯುವುದಕ್ಕೆ ಇದೆ ಎಂದುಕೊಂಡು ನಾನು ಅಲ್ಲಿದ್ದಷ್ಟು ವರ್ಷವೂ ನೆಮ್ಮದಿಯಾಗಿ ಮಲಗಿದ್ದೆ. ಮನೆಯ ಒಡೆಯ ಅದೇ ಅಗುಳಿಯನ್ನು ಎಳೆದುಕೊಂಡು ನನ್ನ ಗಂಡನ ಕಿವಿಯ ಮೇಲೆ ಬಾರಿಸಿದಾಗ ಅದು ಯಾರ ಸಾಮಾನು ಎಂಬುದು ತಿಳಿಯಿತು.

ಯುದ್ಧದ ಕಾಲ. ನಾವು ದೇವನಹಳ್ಳಿಯಲ್ಲಿ, ಕೋಟೆಯ ಹೊರಗಿನ ಒಂದು ಬೀದಿಯಲ್ಲಿದ್ದೆವು. ನನ್ನದು ಹುಣಸೆಹಣ್ಣಿನ ವ್ಯಾಪಾರ. ಮರದ ಮೇಲೆ ಕಾಯಿ ಇನ್ನೂ ಹಸಿರಾಗಿರುವಾಗಲೇ ಕೆಳಗೆ ನಿಂತು ನೋಡಿ, ಇದು ಇಷ್ಟು ಮಣ ಬಿಡುತ್ತದೆ ಎಂದು ಅಂದಾಜು ಕಟ್ಟಿ, ರೈತನೊಂದಿಗೆ ಬೆಲೆ ಮುರಿದು ಮರವನ್ನು ಗುತ್ತಿಗೆ ಹಿಡಿಯುತ್ತಿದ್ದೆ. ಮಾಗಿದ ಮೇಲೆ ನಮ್ಮ ಮನೆಯವರು ಹತ್ತಿ ಕೊಂಬೆ ಅಲುಗಿಸುತ್ತಿದ್ದರು. ಉದುರಿದ್ದನ್ನು ಮನೆಗೆ ತಂದು ಒಣಗಿಸಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿದು, ಸಿಪ್ಪೆ ಉದುರಿಸಿ, ನಾರೆಳೆದು, ಬೀಜ ತೆಗೆದು, ಉಂಡೆ ಕಟ್ಟಿ ಬೆಂಗಳೂರಿಗೆ ಸಾಗಿಸುವುದು ನನ್ನ ಪಾಲಿನ ಕೆಲಸ. ನನ್ನ ಕೊಡತಿಯೂ ಹುಣಸೆಮರದ್ದೇ. ಒಂದು ಮೊಳದ ಹಿಡಿ, ತುದಿಗೆ ಮಗುವಿನ ತಲೆಯಷ್ಟು ದಪ್ಪ. ಬೆಂಗಳೂರಿನ ತುಂಬ ಆಗ ಸಿಪಾಯಿಗಳು. ಸಾರು ಯಾರು ಕುಡಿದರೋ ನಾನು ಕೇಳಲಿಲ್ಲ, ಒಯ್ದದ್ದೆಲ್ಲ ಖರ್ಚಾಗುತ್ತಿತ್ತು.

ಗಾಡಿ ತುಂಬಿ ಹೋಗುವುದನ್ನು ಮನೆಯ ಒಡೆಯ ಕಂಡ. ಬಾಡಿಗೆ ಏರಿಸಿದ, ಕೊಟ್ಟೆ. ಮತ್ತೆ ಏರಿಸಿದ, ಅದನ್ನೂ ಕೊಟ್ಟೆ. ಮೂರನೆಯ ಸಲ ಬೀದಿಯಲ್ಲೇ ಕೇಳಿದಾಗ ನಾನು ಬೀದಿಯಲ್ಲೇ ಹೇಳಿದೆ: "ನಿಮ್ಮ ಮನೇಲಿ ನಾನಿದೀನೋ, ನನ್ನ ಗಂಟೊಳಗೆ ನೀವಿದೀರೋ ಒಂದೂ ಗೊತ್ತಾಗ್ತಿಲ್ಲ ಸಾಮಿ."

ಸುತ್ತ ನಿಂತವರು ನಕ್ಕರು. ಆ ನಗು ನನಗೆ ದುಬಾರಿಯಾಯಿತು. ಚೌಕಾಸಿಯಲ್ಲಿ ಎದುರಿನವನನ್ನು ಎಷ್ಟು ಬೇಕಾದರೂ ಸೋಲಿಸಿ, ಆದರೆ ನಾಲ್ಕು ಜನರ ಮುಂದೆ ನಗೆಗೀಡು ಮಾಡಬೇಡಿ. ಸೋತವನು ಮನೆಗೆ ಹೋಗುತ್ತಾನೆ, ನಗೆಗೀಡಾದವನು ವಾಪಸು ಬರುತ್ತಾನೆ.

ಅವನು ಮಾರನೆಯ ಬೆಳಿಗ್ಗೆಯೇ ಬಂದ, ಇಬ್ಬರು ಆಳುಗಳನ್ನು ಕರೆದುಕೊಂಡು. ಒಣಗಲು ಹರಡಿದ್ದ ಹಣ್ಣನ್ನು ಕಾಲಿನಿಂದ ಬೀದಿಗೆ ತಳ್ಳಿದರು. ಮಡಕೆಗಳನ್ನು ಒಂದೊಂದಾಗಿ ಹೊಸ್ತಿಲಿಗೆ ಕುಕ್ಕಿ ಒಡೆದರು. "ಹುಳಿ ಗೋಡೆ ತಿನ್ನುತ್ತೆ ಕಣಮ್ಮೀ. ಇದು ನನ್ನ ಗೋಡೆ!" ಎಂದು ಅವನು ಕಿರುಚುತ್ತಿದ್ದ. ನಮ್ಮ ಮನೆಯವರು ಮೆತ್ತಗಿನ ಮನುಷ್ಯ, ಕೈ ಮುಗಿದುಕೊಂಡು ಬಾಗಿಲಿಗೆ ಅಡ್ಡ ನಿಂತರು. ಆಗ ಅವನು ಅಗುಳಿ ತೆಗೆದ. ಬಲಗಿವಿಗೆ ಒಂದೇ ಏಟು. ಅವರು ಬಿದ್ದದ್ದು ತುಳಿದು ರಾಡಿಯಾಗಿದ್ದ ಹುಣಸೆಹಣ್ಣಿನ ಮೇಲೆ. ಏಟು ಬಿದ್ದಾಗ ಕೂಗದಿದ್ದವರು ಗಾಯಕ್ಕೆ ಹುಳಿ ತಾಗಿದಾಗ ಕೂಗಿದ ಕೂಗು ಇವತ್ತಿಗೂ ನನ್ನ ಹಲ್ಲಿನ ಬೇರಿನಲ್ಲಿದೆ.

ಬೀದಿಯವರು ಯಾರೂ ಬರಲಿಲ್ಲ. ಎದುರು ಜಗಲಿಯಲ್ಲಿ ಕೂತಿದ್ದ ಒಬ್ಬರು ಎಲೆ ಅಡಿಕೆ ಅಗಿಯುತ್ತ ಪಕ್ಕದವರಿಗೆ ಹೇಳಿದ್ದು ಮಾತ್ರ ಕೇಳಿಸಿತು: "ಅವನ ಮನೆ, ಅವನೇನಾದ್ರೂ ಮಾಡ್ಕೋತಾನೆ. ನಮಗ್ಯಾಕೆ?"

ನಾನು ಮನೆ ಕೊಂಡದ್ದು ಆ ಮಾತಿನಿಂದ. ಆ ಜಗಲಿಯವರ ಮೇಲೆ ಅವತ್ತೂ ನನಗೆ ಸಿಟ್ಟು ಬರಲಿಲ್ಲ. ಅವರು ಲೋಕದ ಕಾನೂನು ಹೇಳಿದರು, ಅಷ್ಟೆ. ಮನೆ ಯಾರದೋ ಏಟೂ ಅವರದೇ.

ಆ ಮನೆ ಬಿಟ್ಟು ಊರ ಛತ್ರದ ಮೂಲೆಯಲ್ಲಿ ಒಲೆ ಹೂಡಿದೆವು. ಗಾಯ ಆರಿತು, ಬಲಗಿವಿಗೆ ಬಂದ ಕಿವುಡು ಆರಲಿಲ್ಲ. ಕಿವಿಯ ಜೊತೆಗೆ ಅವರ ಕಾಲಿನ ಹಿಡಿತವೂ ಹೋಯಿತು. ಮರ ಹತ್ತಿ ಕೊಂಬೆಯ ಮೇಲೆ ನಿಂತರೆ ಲೋಕವೇ ವಾಲುತ್ತದೆ ಎನ್ನುತ್ತಿದ್ದರು. ಇನ್ನು ಮುಂದೆ ಹತ್ತುವವನಿಗೆ ಕೂಲಿ ಕೊಡಬೇಕು. ಅಂದರೆ ನನ್ನ ಲೆಕ್ಕ ಮೊದಲಿನ ಲೆಕ್ಕವಲ್ಲ.

ಮನೆ ಕೊಳ್ಳಲು ಹೊರಟವರು ಮೊದಲು ಮನೆ ನೋಡುತ್ತಾರೆ. ಅದು ತಪ್ಪು. ಮೊದಲು ನಿಮ್ಮನ್ನು ನೋಡಿಕೊಳ್ಳಿ, ನಾನು ಮರ ನೋಡುವ ಹಾಗೆ. ಮರದ ತುಂಬ ಕಾಯಿ ಜೋತುಬಿದ್ದಾಗ ಹೊಸಬನಿಗೆ ಅದೆಲ್ಲ ಹಣ್ಣಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಮೊದಲು ಕಾಣುವುದು ಸಿಪ್ಪೆ. ಕೈಗೆ ಬಂದ ಕೂಡಲೇ ಉದುರಿಹೋಗುವುದು: ಗಾಡಿ ಬಾಡಿಗೆ, ಹತ್ತುವವನ ಕೂಲಿ, ದಾರಿಯ ಸುಂಕ. ಆಮೇಲೆ ನಾರು. ಅದು ಬಿಡಿಸಿದರೂ ಬೆರಳಿಗೆ ಅಂಟಿಕೊಂಡು ಬರುತ್ತದೆ: ನಾದಿನಿಯ ಬಾಣಂತನ, ಮಾವನ ತಿಥಿ, ಕಿವಿಯ ಔಷಧ. ಆಮೇಲೆ ಬೀಜ. ಮುಂದಿನ ವರ್ಷದ ಮರಗಳಿಗೆ ಕೊಡಬೇಕಾದ ಮುಂಗಡವೇ ನನ್ನ ಬೀಜ. ಅದನ್ನು ಮುಟ್ಟಿ ಮನೆ ಕಟ್ಟಿದವನು ಆ ಮನೆಯಲ್ಲೇ ಕೂತು ಹಸಿವಿನಿಂದ ಸಾಯುತ್ತಾನೆ. ಈ ಮೂರನ್ನೂ ಕಳೆದು ಅಂಗೈಯಲ್ಲಿ ಉಳಿಯುವ ಕಪ್ಪು ತಿರುಳು ಇದೆಯಲ್ಲ, ಅಷ್ಟೇ ನಿಮ್ಮ ಮನೆ.

ನನ್ನ ತಿರುಳು, ಕಾಲಿನ ಕಡಗ ಮಾರಿದ್ದೂ ಸೇರಿ, ನಾನೂರು ರೂಪಾಯಿಗೆ ನಿಂತಿತು. ಅದರ ಮೇಲೆ ಒಂದು ರೂಪಾಯಿ ಹೋದರೂ ಬೀಜಕ್ಕೆ ಬಾಯಿ ಹಾಕಿದಂತೆ.

ನಾನೂರಕ್ಕೆ ಊರಿನಲ್ಲಿ ಏನು ಸಿಗುತ್ತಿತ್ತು? ನಮ್ಮ ಕಡೆ ಮನೆಯನ್ನು ಅಂಕಣದಲ್ಲಿ ಅಳೆಯುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಒಳ್ಳೆಯ ಬೀದಿಯಲ್ಲಿ ನಾನೂರಕ್ಕೆ ಒಂದೇ ಅಂಕಣ. ಅಲ್ಲಿ ಒಲೆ ಹೂಡಿದರೆ ಕಾಲು ಚಾಚಲಾಗದು, ಕಾಲು ಚಾಚಿದರೆ ಹುಣಸೆಹಣ್ಣು ಬೀದಿಗೆ. ಆದರೆ ಕೆರೆಯ ಕಡೆಯ ಬೀದಿಯಲ್ಲಿ ಒಂದು ಮನೆ ಇತ್ತು. ನಾಡಹೆಂಚಿನ ನಾಲ್ಕು ಅಂಕಣ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದರು. ಬಲಗಡೆಯ ಎರಡು ಅಂಕಣ, ಅದರ ಮುಂದಿನ ಜಗಲಿ, ಬಾವಿಯಿದ್ದ ಹಿತ್ತಲು ಅಣ್ಣನಿಗೆ. ಎಡಗಡೆಯ ಎರಡು ಅಂಕಣ ತಮ್ಮನಿಗೆ. ಅಣ್ಣ ಎತ್ತಿನ ದಲ್ಲಾಳಿ, ಹೆಂಡತಿಯ ಊರಿಗೆ ಹೊರಟುಹೋಗಲು ತನ್ನ ಪಾಲನ್ನು ಮಾರಾಟಕ್ಕಿಟ್ಟಿದ್ದ. ತಮ್ಮ ಬೇಸಾಯಗಾರ. ಬಾವಿ ತೋಡಿದವನು ತಾನು, ಮಣ್ಣು ಹೊತ್ತವನು ತಾನು, ನೀರು ಮಾತ್ರ ಅಣ್ಣನದು ಹೇಗಾಯಿತು ಎಂಬುದು ಅವನ ಜಗಳ.

ಕೊಳ್ಳಲು ಬಂದವರಿಗೆ ಅವನು ಮಾಡುತ್ತಿದ್ದ ಮರ್ಯಾದೆ ಊರಿಗೆಲ್ಲ ಗೊತ್ತಿತ್ತು. ಒಬ್ಬನ ಗಾಡಿಯ ನೊಗ ಮುರಿದ. ಇನ್ನೊಬ್ಬನನ್ನು ಕೆರೆಯ ತನಕ ಮಚ್ಚು ಹಿಡಿದು ಅಟ್ಟಿಸಿಕೊಂಡು ಹೋದ. ಅಣ್ಣನ ತಲೆಯನ್ನು ಸೌದೆಯಿಂದ ಒಡೆದ. ಅಣ್ಣ ಅವನ ಮುಂದಿನ ಎರಡು ಹಲ್ಲು ತೆಗೆದ. ಮೊದಲು ಎಂಟುನೂರು ಹೇಳುತ್ತಿದ್ದ ಮನೆ, ನೊಗ ಮುರಿದ ಮೇಲೆ ಏಳುನೂರಾಯಿತು, ತಲೆ ಒಡೆದ ಮೇಲೆ ಆರುನೂರು. ನಾನು ಛತ್ರದಲ್ಲಿ ಕೂತು ಬೀಜ ತೆಗೆಯುತ್ತ ಸುದ್ದಿ ಕೇಳುತ್ತಿದ್ದೆ. ಹಲ್ಲು ಹೋದ ಸುದ್ದಿ ಬಂದಾಗ ಕೈ ತೊಳೆದು ಎದ್ದೆ. ಜಗಳವೂ ಹಣ್ಣಿನ ಹಾಗೆ. ಮಾಗಲು ಬಿಡಬೇಕು, ಕೊಳೆಯಲು ಬಿಡಬಾರದು. ಇನ್ನೊಂದು ಏಟಿಗೆ ಕಾದಿದ್ದರೆ ಯಾರಾದರೂ ಸತ್ತು ಮನೆ ಕೋರ್ಟಿಗೆ ಹೋಗುತ್ತಿತ್ತು.

ಜಗಲಿಯಲ್ಲಿ ತಮ್ಮನೇ ಕೂತು ಮಚ್ಚು ಮಸೆಯುತ್ತಿದ್ದ.

"ಯಾರಮ್ಮೀ ನೀನು? ಮನೆ ನೋಡೋಕೆ ಬಂದ್ಯೋ, ಮಸಣ ನೋಡೋಕೆ ಬಂದ್ಯೋ?"

"ಎರಡ್ರಲ್ಲಿ ಯಾವ್ದು ಅಗ್ಗ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ ಕಣಪ್ಪಾ."

ಬಾಗಿಲ ಸಂದಿಯಲ್ಲಿದ್ದ ಅವನ ಹೆಂಡತಿ ನಕ್ಕುಬಿಟ್ಟಳು. ಅವನು ಎದ್ದು ಒಳಗೆ ಹೋದ. ಅವಳ ತಲೆ ಗೋಡೆಗೆ ಬಡಿದ ಸದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ವಾಪಸು ಬಂದು ಕೂತು ಮತ್ತೆ ಮಸೆಯತೊಡಗಿದ. ನಾನು ಜಗಲಿಯ ಉದ್ದ ಅಳೆದೆ. ಹುಣಸೆಹಣ್ಣು ಹರಡಲು ಸಾಕಾಗುವಷ್ಟಿತ್ತು.

ಅಣ್ಣ ಮಾತಿಗೆ ಒಳ್ಳೆಯವನು. "ಬಾ ತಾಯಿ, ಎರಡಂಕಣಾನೂ ನೋಡು, ಹೆಂಚು ಒಂದೂ ಜಾರಿಲ್ಲ," ಎಂದು ಎಲ್ಲ ತೋರಿಸಿದ. ಬೆಲೆ ಕೇಳಿದೊಡನೆ ಬಾಯಿಗೆ ಬೆರಳಿಟ್ಟು ಎರಡು ಪಾಲಿನ ನಡುವಿನ ಬಿದಿರ ತಡಿಕೆಯ ಕಡೆ ಕಣ್ಣು ಮಾಡಿದ. ಬೆಲೆ ತಮ್ಮನ ಕಿವಿಗೆ ಬಿದ್ದರೆ ಅರ್ಧ ಬಾವಿಯ ದುಡ್ಡು ಕೇಳುತ್ತಾನೆ ಎಂಬ ಭಯ. ಆದ್ದರಿಂದ ವ್ಯಾಪಾರವನ್ನು ಸಂತೆಯಲ್ಲಿ ಎತ್ತು ಮಾರುವ ಹಾಗೆ ಮಾಡೋಣ ಎಂದ. ಇಬ್ಬರ ಕೈಗಳ ಮೇಲೆ ಒಂದು ಟವಲು ಹಾಕಿಕೊಳ್ಳುವುದು, ಕೊಳ್ಳುವವನು ಮಾರುವವನ ಬೆರಳು ಹಿಡಿಯುವುದು. ಒಂದು ಬೆರಳಿಗೆ ಒಂದು ನೂರು, ಬೆರಳ ನಡುಗೆಣ್ಣು ಒತ್ತಿದರೆ ಐವತ್ತು. ಬಾಯಲ್ಲಿ ಮಳೆ ಬೆಳೆಯ ಮಾತು, ಟವಲಿನ ಕೆಳಗೆ ಬೆಲೆಯ ಮಾತು. ನೋಡುವವರಿಗೆ ಏನೂ ತಿಳಿಯದು.

"ಸರಿ, ಟವಲು ಹಾಕು," ಎಂದು ನಾನು ಕೈ ಚಾಚಿದೆ.

ಅವನು ಹಾವು ಕಂಡವನಂತೆ ಕೈ ಹಿಂದಕ್ಕೆ ಎಳೆದುಕೊಂಡ. "ಅಯ್ಯಯ್ಯೋ! ಕಂಡೋರ ಹೆಂಡ್ತಿ ಬೆರಳು ಹಿಸುಕ್ದ ಅಂತ ಆದ್ರೆ ನನ್ನ ಹೆಂಡ್ತಿ ಉಳಿದ ಬೆರಳೂ ಕತ್ತರಿಸ್ತಾಳೆ. ನಿಮ್ಮ ಯಜಮಾನ್ರನ್ನ ಕಳ್ಸು ತಾಯಿ."

ಉಳಿದ ಬೆರಳು ಎಂದದ್ದಕ್ಕೆ ಕಾರಣವಿತ್ತು. ಅವನ ಬಲಗೈಯ ತೋರುಬೆರಳು ಬುಡದ ಗೆಣ್ಣಿನ ತನಕ ಮಾತ್ರ ಇತ್ತು. ಹಿಂದೆ ಒಂದು ಹೋರಿ ಬೆದರಿ ಓಡಿದಾಗ ಕೈಗೆ ಸುತ್ತಿದ್ದ ಹಗ್ಗ ಬೆರಳನ್ನು ಕಿತ್ತುಕೊಂಡು ಹೋಗಿತ್ತು. ಉಳಿದದ್ದು ಹುಣಸೆಬೀಜದಂತೆ ನುಣ್ಣಗಿದ್ದ ಒಂದು ಮೋಟು.

ನಮ್ಮ ಮನೆಯವರಿಗೆ ವ್ಯಾಪಾರದ ಗಂಧವಿಲ್ಲ. ಛತ್ರದಲ್ಲಿ ಅವರ ಮುಂದೆ ಕೂತು ನನ್ನ ಬೆರಳುಗಳನ್ನೇ ಕೊಟ್ಟು ಕಲಿಸಿದೆ. "ಎರಡರಿಂದ ಶುರು ಮಾಡಿ. ಅವನು ತಲೆ ಆಡಿಸ್ತಾನೆ. ಮೂರು ಹಿಡೀರಿ. ನಾಲ್ಕರ ತನಕ ಹೋಗಿ. ಐದನೇದು ಮುಟ್ಟಿದ್ರೋ, ಕೆಂಡ ಮುಟ್ಟಿದಂಗೆ."

ಅವರು ನಕ್ಕರು. "ಐದನೇದು ಎಲ್ಲಿದೆ ಅವನಿಗೆ? ಪೂರ್ತಿ ಕೈ ಹಿಡ್ಕೊಂಡ್ರೂ ನಾಲ್ಕೇ ಅಲ್ವಾ!"

ನಾನೂ ನಕ್ಕೆ. ಕಿವಿ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ವ್ಯಾಪಾರ ಜಗಲಿಯ ಮೇಲೆ ನಡೆಯಿತು. ತಮ್ಮ ತನ್ನ ಬಾಗಿಲಲ್ಲಿ ನಿಂತು ಟವಲನ್ನೇ ನೋಡುತ್ತಿದ್ದ. ಅಣ್ಣ ನಮ್ಮ ಮನೆಯವರ ಬಲಕ್ಕೆ ಒತ್ತಿಕೊಂಡು ಕೂತ. ಟವಲು ಅಲ್ಲಾಡಿತು, ನಿಂತಿತು, ಅಲ್ಲಾಡಿತು. "ರಾಗಿ ಹೆಂಗೈತೆ ನಿಮ್ಮ ಕಡೆ?" "ಪರವಾಗಿಲ್ಲ." ಒಮ್ಮೆ ಅಣ್ಣ ಇವರ ಕಡೆ ಬಾಗಿ ತುಟಿ ಅಲ್ಲಾಡಿಸಿದ್ದನ್ನು ಕಂಡೆ. ಇವರು ತಲೆದೂಗಿದರು. ಟವಲು ತೆಗೆದಾಗ ಇಬ್ಬರ ಮುಖದಲ್ಲೂ ಗೆದ್ದ ಕಳೆ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬೆಲೆ ಮುರಿದಾಗ ಒಬ್ಬನಾದರೂ ಹುಳಿ ತಿಂದ ಮುಖ ಮಾಡಿರಬೇಕು. ಇಬ್ಬರೂ ನಗುತ್ತಿದ್ದರೆ ಇಬ್ಬರೂ ಬೇರೆ ಬೇರೆ ಮನೆ ಕೊಂಡಿದ್ದಾರೆ ಎಂದೇ ಅರ್ಥ. ವೀಳ್ಯದ ಮೇಲೆ ಐವತ್ತು ರೂಪಾಯಿ ಸಂಚಕಾರ, ಅಂದರೆ ಮುಂಗಡ, ಇಟ್ಟೆವು.

ಪತ್ರ ಬರೆಯುವವರು ಚೆಕ್ಕುಬಂದಿ ನೋಡಲು, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಗುರುತು ಮಾಡಲು, ಮನೆಗೇ ಬಂದರು. ಜಗಲಿಯಲ್ಲಿ ಕೂತು ಛಾಪಾ ಕಾಗದ ಬಿಡಿಸಿ, ಮಸಿಯಲ್ಲಿ ಲೇಖನಿ ಅದ್ದಿ ಕೇಳಿದರು: "ಕ್ರಯದ ಮೊಬಲಗು ಎಷ್ಟು?"

"ಐನೂರು," ಎಂದ ಅಣ್ಣ.

"ನಾನೂರು," ಎಂದರು ನಮ್ಮ ಮನೆಯವರು.

ಲೇಖನಿಯ ತುದಿಯಿಂದ ಒಂದು ತೊಟ್ಟು ಬಿತ್ತು.

"ಏನಯ್ಯಾ, ನನ್ನ ಕೈ ಪೂರ್ತಿ ಹಿಡ್ದೆಯಲ್ಲೋ! ಮೋಟೂ ಸೇರಿಸಿ ಹಿಡ್ದೆ!"

"ಹಿಡ್ದೆ. ನಿಮಗಿರೋದು ನಾಲ್ಕು. ನಾಲ್ಕಕ್ಕೆ ನಾನೂರು."

"ನನ್ನ ಮೋಟಿಗೆ ಬೆಲೆ ಇಲ್ವೇನೋ? ಸಂತೇಲಿ ಯಾರನ್ನಾದ್ರೂ ಕೇಳು. ಇಪ್ಪತ್ತು ವರ್ಷದಿಂದ ಈ ಮೋಟಿಗೂ ಪೂರಾ ಬೆರಳಿನ ಲೆಕ್ಕ. ನಾಲ್ಕು ಅನ್ನೋನು ಕಿರುಬೆರಳು ಬಿಟ್ಟು ಹಿಡೀತಾನೆ!"

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಮ್ಮ, ಎರಡು ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದ. "ಕೇಳ್ರಪ್ಪೋ ಕೇಳಿ! ನಮ್ಮಣ್ಣನ ಮೋಟು ಬೆರಳಿಗೆ ನೂರು ರೂಪಾಯಂತೆ! ಆವತ್ತೇ ಐದೂ ಕಿತ್ಕೊಂಡು ಹೋಗಿದ್ರೆ ಸಾವ್ಕಾರ ಆಗ್ತಿದ್ದ!"

ಆ ಹೋರಿಯನ್ನು ಕೋಲಿನಿಂದ ತಿವಿದು ಬೆದರಿಸಿದವನು ತಮ್ಮನೇ ಎಂಬುದು ನನಗೆ ಆಮೇಲೆ ತಿಳಿಯಿತು. ಅಣ್ಣ ಹಿತ್ತಾಳೆಯ ಎಲೆ ಅಡಿಕೆ ಪೆಟ್ಟಿಗೆ ತೆಗೆದು ತಮ್ಮನ ಮುಖಕ್ಕೆ ಬೀಸಿದ. ಮೂಗು ಒಡೆದು ರಕ್ತ ಗೋಡೆಗೆ ಚಿಮ್ಮಿತು. ತಮ್ಮ ಒಳಗೆ ಹೋದವನು ಮಚ್ಚು ಹಿಡಿದು ಬಂದ. ಮೊದಲ ಏಟು ಅಣ್ಣನ ಹೆಗಲಿಗೆ ಬಿತ್ತು, ಟವಲನ್ನೂ ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೆ ಸೀಳಿತು. ಎರಡನೆಯದು ತಪ್ಪಿ ಕಂಬಕ್ಕೆ ಕಚ್ಚಿಕೊಂಡಿತು. ಅಣ್ಣ ಉರುಳಿಕೊಂಡು ನಮ್ಮ ಮನೆಯವರ ಬೆನ್ನ ಹಿಂದೆ ಬಿದ್ದ. ಇವರು ಬೀದಿಯ ಕಡೆ ಮುಖ ಮಾಡಿ, ಓಡಲು ಎದ್ದ ಪತ್ರ ಬರೆಯುವವರನ್ನು ಹಿಡಿದು ನಿಲ್ಲಿಸುತ್ತಿದ್ದರು. ತಮ್ಮ ಕಂಬದಿಂದ ಮಚ್ಚು ಕಿತ್ತುಕೊಂಡು ಬಂದದ್ದು ಇವರ ಬಲಗಡೆಯಿಂದ. ನಾನೂ ಬಲಗಡೆಯಿಂದಲೇ ಗಂಟಲು ಹರಿಯುವಂತೆ ಕೂಗಿದೆ. ಇವರು ತಿರುಗಲಿಲ್ಲ. ಆ ಕಡೆ ಕಿವಿಯೇ ಇರಲಿಲ್ಲವಲ್ಲ.

ನನ್ನ ಕೈಯಲ್ಲಿ ಕೊಡತಿ ಇದ್ದದ್ದು ಆಕಸ್ಮಿಕವೇನಲ್ಲ. ಜಗಳದ ಮನೆ ಕೊಳ್ಳಲು ಹೋಗುವವರು ಬರಿಗೈಯಲ್ಲಿ ಹೋಗಬಾರದು. ಎತ್ತಿದ ಮಚ್ಚಿನ ಕೈಗೆ, ಮಣಿಕಟ್ಟಿಗೆ ಸರಿಯಾಗಿ, ಕಲ್ಲಿನ ಮೇಲಿನ ಹಣ್ಣಿಗೆ ಹಾಕುವ ಹಾಗೆ ಹಾಕಿದೆ. ಚೆನ್ನಾಗಿ ಒಣಗಿದ ಹುಣಸೆಕಾಯಿ ಒಡೆಯುವಾಗ ಒಂದು ಸದ್ದು ಬರುತ್ತದೆ. ಅದೇ ಸದ್ದು. ಮಚ್ಚು ಕೆಳಗೆ ಬಿತ್ತು. ಅವನು ಕೈ ನೋಡಿಕೊಂಡ. ಅದು ನೋಡಬಾರದ ಕಡೆಗೆ ತಿರುಗಿತ್ತು. ಮಗುವಿನಂತೆ ಕುಕ್ಕರಗಾಲಲ್ಲಿ ಕೂತು, "ಅವ್ವಾ" ಎಂದ.

ನಾನು ಮಚ್ಚನ್ನು ನನ್ನ ಬುಟ್ಟಿಯಲ್ಲಿ ಹಾಕಿಕೊಂಡೆ. ಅವನ ಹೆಂಡತಿ ಅರಿಸಿನದ ಬಟ್ಟಲು ಹಿಡಿದು ಬಂದು, ಮೊದಲು ಯಾರಿಗೆ ಹಚ್ಚಬೇಕೆಂದು ತಿಳಿಯದೆ ನಿಂತಿದ್ದಳು. ಪತ್ರ ಬರೆಯುವವರು ಬೀದಿಯ ಆಚೆ, ಮಸಿ ಕುಡಿಕೆ ಎದೆಗೊತ್ತಿಕೊಂಡು ನಿಂತಿದ್ದರು.

"ಬನ್ನಿ ಸಾಮಿ, ಮಸಿ ಚೆಲ್ಲಿಲ್ಲ ತಾನೇ?" ಎಂದೆ. "ಈಗ ಎಲ್ಲರ ಕೈಯೂ ಖಾಲಿ ಇದೆ. ಈಗ ಮಾತಾಡೋಣ."

ಇದನ್ನು ಕಲ್ಲೆದೆ ಎನ್ನುವವರು ಎನ್ನಲಿ. ರಕ್ತ ನೋಡಿದ ಮೇಲೆ ಸ್ವಲ್ಪ ಹೊತ್ತು ಮನುಷ್ಯ ಸುಳ್ಳು ಹೇಳುವುದಿಲ್ಲ. ಅಂಥ ಹೊತ್ತು ಬಾಳಿನಲ್ಲಿ ಮತ್ತೆ ಸಿಗುವುದಿಲ್ಲ.

ಅಣ್ಣ ಹೆಗಲಿಗೆ ಟವಲು ಒತ್ತಿಕೊಂಡು ಗೋಡೆಗೆ ಒರಗಿದ್ದ. "ನಾನು ಮೋಸ ಮಾಡಿಲ್ಲ ಕಣಮ್ಮೀ. ಮೋಟೂ ಲೆಕ್ಕಕ್ಕೆ ಸೇರುತ್ತೆ ಅಂತ ಹೇಳಿದೀನಿ. ತಮ್ಮಂಗೆ ಕೇಳಬಾರದು ಅಂತ ಕಿವೀಲೇ ಹೇಳ್ದೆ."

"ಯಾವ ಕಿವೀಲಿ?"

ಅವನು ನಮ್ಮ ಮನೆಯವರ ಬಲಗಿವಿ ತೋರಿಸಿದ.

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು. ಬಾಡಿಗೆ ಮನೆಯ ಅಗುಳಿ ಬಿದ್ದದ್ದು ಅಲ್ಲಿ, ನೂರು ರೂಪಾಯಿ ಕಳೆದದ್ದು ಇಲ್ಲಿ. ಸುಳ್ಳು ಯಾರೂ ಹೇಳಿರಲಿಲ್ಲ. ಅಣ್ಣನ ಐನೂರೂ ನಿಜ, ನಮ್ಮ ನಾನೂರೂ ನಿಜ. ಎರಡರ ನಡುವೆ ಆ ಮೋಟು ಕೂತಿತ್ತು.

ಬೇರೆಯವರಾಗಿದ್ದರೆ ಐವತ್ತೈವತ್ತು ಬಿಟ್ಟುಕೊಡೋಣ ಎನ್ನುತ್ತಿದ್ದರು. ನನಗೆ ಐವತ್ತೂ ಇರಲಿಲ್ಲ, ಇದ್ದದ್ದು ಬೀಜ. ನಾನು ಹಿತ್ತಿಲ ಕಡೆ ನೋಡಿದೆ. ನಿಮಗೆ ಒಂದು ಮನೆಯ ಬೆಲೆ ಎಟುಕದಿದ್ದರೆ ಆ ಮನೆಯಲ್ಲಿ ನಿಮಗೆ ಬೇಡದ್ದು ಏನಿದೆ ಎಂದು ಹುಡುಕಿ. ಅದರಲ್ಲೂ ಬೇರೆಯವರು ಪ್ರಾಣ ಬಿಡುತ್ತಿರುವುದು ಏನಾದರೂ ಇದ್ದರೆ ಅದನ್ನು ಮಾತ್ರ ಕೊಳ್ಳಬೇಡಿ. ಎಷ್ಟು ಅಗ್ಗವಾದರೂ ಸರಿ.

"ನಿನಗೇನು ಬೇಕಪ್ಪಾ?" ಎಂದು ತಮ್ಮನನ್ನು ಕೇಳಿದೆ.

"ಬಾವಿ," ಎಂದ. ತಲೆ ಎತ್ತಲಿಲ್ಲ.

"ತಗೋ. ಹಿತ್ತಲೂ ಬಾವಿಯೂ ನಿಂದೇ. ನಿಮ್ಮಣ್ಣನಿಗೆ ನೂರು ರೂಪಾಯಿ ಕೊಡು. ನನಗೆ ಎರಡಂಕಣ, ಜಗಲಿ. ನಾನೂರು. ನಿಮ್ಮಣ್ಣನ ಐದು ಬೆರಳೂ ಸರಿಹೋಯ್ತು."

"ನನ್ನ ಹತ್ರ ಕಾಸೆಲ್ಲೈತೆ?"

"ಎತ್ತು ಇದೆಯಲ್ಲ. ಆ ಕೈಯಲ್ಲಿ ಈ ವರ್ಷ ನೇಗಿಲು ಹಿಡಿಯೋಕಾಗಲ್ಲ, ಎತ್ತಿಗೆ ಸುಮ್ನೆ ಹುಲ್ಲು ಯಾಕೆ ಹಾಕ್ತೀಯ? ಮಾರು. ದಲ್ಲಾಳಿಗೂ ಹುಡುಕ್ಬೇಕಾಗಿಲ್ಲ, ಮನೇಲೇ ಇದಾನೆ."

ಅವನು ನನ್ನನ್ನು ನೋಡಿದ ನೋಟದಲ್ಲಿ ಮಚ್ಚು ಇನ್ನೂ ಇತ್ತು. "ಪೋಲೀಸ್ನೋರಿಗೆ ಹೇಳ್ತೀನಿ. ಹೆಂಗಸು ಅಂತ ಬಿಡಲ್ಲ."

"ಹೇಳು. ನನ್ನ ಕೊಡತಿ ಜೊತೆ ನಿನ್ನ ಮಚ್ಚೂ ಬರುತ್ತೆ. ಕೊಡತಿಗೆ ಅಂಟಿರೋದು ಹುಣಸೆಹಣ್ಣು. ಮಚ್ಚಿಗೆ ಅಂಟಿರೋದು ನಿಮ್ಮಣ್ಣ."

ಅಣ್ಣ ನೋವಿನಲ್ಲೂ ನಕ್ಕುಬಿಟ್ಟ. ಆ ನಗು ಕೇಳಿ ತಮ್ಮನಿಗೆ ಏನಾಯಿತೋ, ಅಳತೊಡಗಿದ. ನಾನು ಅಳು ಮುಗಿಯುವ ತನಕ ಕಾಯಲಿಲ್ಲ. ಬರೆಸಿದೆ. ಹಿಂದಕ್ಕೆ ತಮ್ಮನ ಹಿತ್ತಲು, ಎಡಕ್ಕೆ ತಮ್ಮನ ಮನೆ, ಬಲಕ್ಕೆ ಓಣಿ, ಮುಂದಕ್ಕೆ ಬೀದಿ. ಎರಡು ಮನೆಯ ನಡುವೆ ಏಳಬೇಕಾದ ಗೋಡೆಯ ಮಾತು ಬಂದಾಗ, ಇಬ್ಬರೂ ಅರ್ಧರ್ಧ ಜಾಗ ಬಿಡುವುದು ಊರ ಪದ್ಧತಿ ಎಂದರು ಪತ್ರ ಬರೆಯುವವರು. ಬೇಡ ಎಂದೆ. ಗೋಡೆ ಪೂರ್ತಿ ನನ್ನ ಜಾಗದಲ್ಲಿ, ನನ್ನ ಮಣ್ಣಿನಲ್ಲಿ, ನನ್ನ ಖರ್ಚಿನಲ್ಲಿ ಎಂದು ಬರೆಸಿದೆ.

"ಅರ್ಧ ಮೊಳ ಜಾಗ ಸುಮ್ನೆ ಕಳ್ಕೋತೀಯಲ್ಲಮ್ಮಾ," ಎಂದರು ಅವರು.

"ಕಳ್ಕೋತೀನಿ. ಬರೀರಿ."

ಛಾಪಾ ಕಾಗದದ ಮೂಲೆಗೆ ರಕ್ತದ ಕಲೆಯಾಗಿದೆ, ಹೊಸದು ಬೇಕು, ಅದರ ಖರ್ಚು ಕೊಳ್ಳುವವರದು ಎಂದೂ ಅವರು ಹೇಳಿ ನೋಡಿದರು. ರಕ್ತ ಮಾರುವವರದು, ಖರ್ಚೂ ಅವರದೇ ಎಂದೆ.

ಎತ್ತು ಮಾರಿದ್ದು ಅಣ್ಣನೇ. ಹೆಗಲಿಗೆ ಕಟ್ಟು ಹಾಕಿಕೊಂಡು ಸಂತೆಗೆ ಹೋಗಿ, ತಮ್ಮನ ಎತ್ತನ್ನು ಅದೇ ಬೆರಳುಗಳಿಂದ ಮಾರಿ ನೂರು ರೂಪಾಯಿ ಇಟ್ಟುಕೊಂಡು ಉಳಿದದ್ದನ್ನು ತಮ್ಮನಿಗೆ ಕೊಟ್ಟ. ದಲ್ಲಾ​ಳಿತನದ ಕಾಸು ಮಾತ್ರ ಬಿಡಲಿಲ್ಲ. ಆಮೇಲೆ ಹೆಂಡತಿಯ ಊರಿಗೆ ಹೊರಟುಹೋದ. ಮೂಳೆ ಕಟ್ಟುವವನು ತಮ್ಮನ ಕೈಗೆ ಬಿದಿರ ದಬ್ಬೆ ಕಟ್ಟಿದ. ಅದು ಸೊಟ್ಟಗೆ ಕೂಡಿಕೊಂಡಿತು.

ನಾವು ಗೋಡೆ ಎಬ್ಬಿಸಿದೆವು. ಹಿತ್ತಿಲ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದೆವು. ನೀರಿಗೆ ನಾನು ಬೀದಿಯ ಬಾವಿಗೆ ಹೋಗಬೇಕು. ಹೋಗುತ್ತಿದ್ದೆ, ಅದೇನು ದೊಡ್ಡ ಮಾತಲ್ಲ. ಕಂಬದಲ್ಲಿ ಮಚ್ಚು ಕಚ್ಚಿದ ಗಾಯ ಹಾಗೇ ಇತ್ತು. ಅದರಲ್ಲಿ ಒಂದು ಗೂಟ ಹೊಡೆದು ನಮ್ಮ ಮನೆಯವರು ಟವಲು ತೂಗು ಹಾಕುತ್ತಿದ್ದರು. ಮುಂಬಾಗಿಲಿಗೆ ಅಗುಳಿ ಇಡಿಸಲಿಲ್ಲ. ಕಮ್ಮಾರನಿಂದ ಕಬ್ಬಿಣದ ಸರಪಳಿ ಚಿಲಕ ಮಾಡಿಸಿ, ಬಾಗಿಲಿನ ಮರಕ್ಕೇ ಮೊಳೆ ಹೊಡೆಸಿದೆ. ಬಾಗಿಲಿಗೆ ಏನೇ ಹಾಕಿಸಿ, ಕಿತ್ತು ಹೊಡೆಯಲು ಬರುವಂಥದ್ದನ್ನು ಹಾಕಿಸಬೇಡಿ.

ಹೊಸ ಗೋಡೆ ಒಣಗುವ ಮೊದಲೇ ಆ ಕಡೆಯಿಂದ ಸದ್ದು ಬರತೊಡಗಿತು. ಅವನ ಬಲಗೈ ಸೊಟ್ಟಗಾಗಿದ್ದರೂ ಎಡಗೈ ನೆಟ್ಟಗಿತ್ತು. ಹೆಂಡತಿಯನ್ನು ಹೊಡೆಯಲು ಅದು ಸಾಕಾಗಿತ್ತು. ಮೊದಲು ಬೈಗುಳ, ಆಮೇಲೆ ಏಟು, ಆಮೇಲೆ ಅವಳ ತಲೆ ಗೋಡೆಗೆ ಬಡಿಯುವ ಸದ್ದು. ನಾನು ಅಂಗಳವಿಲ್ಲದ ಜಗಲಿಯಲ್ಲಿ ಹಣ್ಣು ಬಡಿಯುತ್ತ ಕೂತಿದ್ದೆ. ಬೀದಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು, ಮುಂದಕ್ಕೆ ಹೋಗುತ್ತಿದ್ದರು. ಅವರು ಮನಸ್ಸಿನಲ್ಲಿ ಏನಂದುಕೊಳ್ಳುತ್ತಿದ್ದರು ಎಂಬುದು ನನಗೆ ಅಕ್ಷರ ಅಕ್ಷರ ಗೊತ್ತಿತ್ತು.

ಒಳಗೆ ಹೋಗಿ, ಸದ್ದು ಬರುತ್ತಿದ್ದ ಜಾಗ ನೋಡಿಕೊಂಡು, ಕೊಡತಿಯಿಂದ ಗೋಡೆಗೆ ಒಂದು ಹಾಕಿದೆ. ಹಸಿಮಣ್ಣು ಉದುರಿತು. ಆ ಕಡೆ ಎಲ್ಲ ನಿಂತುಹೋಯಿತು. ಆ ಸದ್ದು ಅವನ ಕಿವಿಗಿಂತ ಮೊದಲು ಮಣಿಕಟ್ಟಿಗೆ ಕೇಳಿಸಿರಬೇಕು.

ಸ್ವಲ್ಪ ಹೊತ್ತಿಗೆ ಬೀದಿಗೆ ಬಂದು ಕೂಗಾಡಿದ. ಎದುರು ಮನೆಯವರೂ ಪಕ್ಕದ ಮನೆಯವರೂ ಬಾಗಿಲಿಗೆ ಬಂದು ನಿಂತರು. "ಏನಮ್ಮೀ ನಿಂದು? ನನ್ನ ಮನೆ, ನಾನೇನಾದ್ರೂ ಮಾಡ್ಕೋತೀನಿ!"

ನಾನು ಜಗಲಿಯಿಂದ ಏಳಲಿಲ್ಲ. ಕೊಡತಿಗೆ ಅಂಟಿದ್ದ ನಾರು ಬಿಡಿಸುತ್ತ, ಬೀದಿಗೆಲ್ಲ ಕೇಳುವಂತೆ ಹೇಳಿದೆ: "ಮಾಡ್ಕೋ ಕಣಪ್ಪಾ. ಗೋಡೆ ನಂದು. ನನ್ನ ಗೋಡೆಗೆ ನಾನು ಎಷ್ಟೊತ್ತಿಗೆ ಬೇಕಾದ್ರೂ ಹೊಡ್ಕೋತೀನಿ."

ಅವನು ಸೊಟ್ಟ ಕೈಯನ್ನು ಒಳ್ಳೆಯ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ. ಆಮೇಲೂ ಸದ್ದು ಬಂದ ದಿನಗಳಿದ್ದವು. ಬಂದಾಗಲೆಲ್ಲ ನಾನು ಎದ್ದು ಹೋಗಿ ಗೋಡೆಗೆ ಒಂದು ಹಾಕುತ್ತಿದ್ದೆ. ಅದು ನಿಲ್ಲುತ್ತಿತ್ತು. ಗೋಡೆಯ ಆ ಜಾಗದಲ್ಲಿ ಗಾರೆ ನಿಲ್ಲುತ್ತಲೇ ಇರಲಿಲ್ಲ, ವರ್ಷಕ್ಕೊಮ್ಮೆ ಮೆತ್ತಬೇಕಾಗುತ್ತಿತ್ತು. ಆ ಗಾರೆಯ ಖರ್ಚನ್ನು ನಾನು ಸಿಪ್ಪೆಯ ಲೆಕ್ಕಕ್ಕೆ ಬರೆದುಕೊಂಡೆ.